ಸಾಯದೆ ಉಳಿದವರಿಗೆ ಶಾಲು

ನಮ್ಮ ಕಡೆ ಆಟಗಾರನಿಗೆ ಮರ್ಯಾದೆ ಸಿಗಬೇಕಾದರೆ ಅವನು ಚೆನ್ನಾಗಿ ಆಡಿರಬೇಕೆಂದೇನೂ ಇಲ್ಲ. ಸಾಯದಿದ್ದರೆ ಸಾಕು. ಎಂಬತ್ತು ದಾಟಿದರೆ ಒಂದು ಶಾಲು, ಇನ್ನೂ ಉಸಿರಾಡುತ್ತಿದ್ದರೆ ಶಾಲಿನ ಜೊತೆಗೆ ಮೈಸೂರು ಪೇಟ, ಅದರಾಚೆಗೂ ಹಟ ಹಿಡಿದು ಬದುಕಿದರೆ ಹಣ್ಣಿನ ಬುಟ್ಟಿ. ಬುಟ್ಟಿಯ ತುಂಬ ನಂದಿ ಕಡೆಯ ದ್ರಾಕ್ಷಿ. ಸಕ್ಕರೆ ಕಾಯಿಲೆಯವನ ತೊಡೆಯ ಮೇಲೆ ದ್ರಾಕ್ಷಿ ಬುಟ್ಟಿ ಇಟ್ಟು, ನೂರು ವರ್ಷ ಬಾಳಿ ಎಂದು ಹಲ್ಲು ಕಿರಿಯುವ ಜನ ಇವರು.

ನಾನು ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದವನು. ಹಳದಿ ಉಲ್ಲನ್ ಚೆಂಡು, ಮಣ್ಣಿನ ಅಂಕಣ, ಬಲೆಯ ಆಚೆ ಐದು ಜನ, ಈಚೆ ಐದು ಜನ. ಗೌರಿಬಿದನೂರಿನ ಹತ್ತಿರ ಆಗ ಇದ್ದ ಒಂದು ಕಾರ್ಖಾನೆ ನಮ್ಮನ್ನು ಆಡುವುದಕ್ಕೆಂದೇ ಸಂಬಳಕ್ಕೆ ಇಟ್ಟುಕೊಂಡಿತ್ತು. ಬೆಳಿಗ್ಗೆ ಹೋಗಿ ಹಾಜರಿ ಹಾಕುವುದು, ಹೆಸರಿಗೆ ಒಂದು ಮೆಷಿನ್ನಿನ ಪಕ್ಕ ನಿಲ್ಲುವುದು, ಊಟವಾದ ಮೇಲೆ ಅಂಕಣಕ್ಕೆ ಇಳಿಯುವುದು. ಆ ತಂಡದಲ್ಲಿ ಈಗ ಉಳಿದಿರುವವರು ಇಬ್ಬರೇ. ಒಬ್ಬ ನಾನು, ಶಿಡ್ಲಘಟ್ಟದಲ್ಲಿದ್ದೇನೆ. ಇನ್ನೊಬ್ಬ ಚಿಂತಾಮಣಿಯಲ್ಲಿದ್ದಾನೆ.

ಆ ಚಿಂತಾಮಣಿಯವನು ನಮ್ಮ ಆರನೆಯವನು. ಐದು ಜನರ ಆಟದಲ್ಲಿ ಆರನೆಯವನ ಕೆಲಸ ಏನು? ನಮ್ಮ ಬ್ಯಾಟುಗಳಿಗೆ ಗಟ್, ಅಂದರೆ ಹೆಣಿಗೆಯ ಎಳೆ, ಬಿಗಿಯುತ್ತಿದ್ದ, ಅಂಕಣಕ್ಕೆ ನೀರು ಚಿಮುಕಿಸುತ್ತಿದ್ದ. ನಮ್ಮಲ್ಲಿ ಯಾರಿಗಾದರೂ ಜ್ವರ ಬಂದರೆ ಅವನು ಒಳಗೆ ಬರಬೇಕು. ನಮಗೆ ಯಾರಿಗೂ ಜ್ವರ ಬರುತ್ತಿರಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ, ಗಟ್ ಬಿಗಿಯುವವನೂ ಬೇಕು. ಆದರೆ ಆಡಿದವರು ಒಬ್ಬೊಬ್ಬರಾಗಿ ಸತ್ತ ಹಾಗೆಲ್ಲ ಇವನು ಒಂದೊಂದೇ ಹೆಜ್ಜೆ ಅಂಕಣದ ಒಳಗೆ ಬಂದ. ಮೊದಲು ತಂಡದಲ್ಲಿದ್ದೆ ಎಂದ. ಆಮೇಲೆ ಆಡಿದೆ ಎಂದ. ಕೊನೆಗೆ, ಚಿಕ್ಕಬಳ್ಳಾಪುರದ ಫೈನಲ್ ಗೆಲ್ಲಿಸಿದವನು ನಾನೇ ಎಂದ. ಕಾಗೆ ಹಾರಿಸುವುದಕ್ಕೂ ಒಂದು ಮಿತಿ ಬೇಡವೇ? ಥೂ!

ಆ ಫೈನಲ್ ಗೆಲ್ಲಿಸಿದವನು ನಮ್ಮ ಸೆಂಟರ್. ಅಂಕಣದ ನಡುವೆ ನಿಲ್ಲುವವನು, ನನ್ನ ಬೆನ್ನ ಹಿಂದೆಯೇ. ಎರಡು ಕಡೆಯೂ ಪಾಯಿಂಟ್ ಸಮವಾಗಿತ್ತು, ಒಂದು ಬಂದರೆ ಮುಗಿಯಿತು. ಅವನ ಬ್ಯಾಟಿನ ಗಟ್ ಪಟ್ಟೆಂದು ಕಿತ್ತುಹೋಯಿತು. ಬೇರೆಯವನಾಗಿದ್ದರೆ ಚೆಂಡು ಬಿಟ್ಟುಬಿಡುತ್ತಿದ್ದ. ಇವನು ಮಂಡಿಯೂರಿ, ಬ್ಯಾಟಿನ ಅಂಚಿನಲ್ಲಿ ಉಳಿದಿದ್ದ ನಾಲ್ಕು ಎಳೆಯಲ್ಲೇ ಚೆಂಡನ್ನು ಎತ್ತಿ ಬಲೆಯಾಚೆ ಉದುರಿಸಿದ. ಎದುರಿನ ಐವರೂ ನೋಡುತ್ತಾ ನಿಂತಿದ್ದರು. ನಮ್ಮ ಆರನೆಯವನು ಆಗ ಹುಣಸೆ ಮರದ ಕೆಳಗೆ ಕೂತು ಕಡ್ಲೆಪುರಿ ತಿನ್ನುತ್ತಿದ್ದ. ನಾವು ಕೂಗಿದ್ದು ಕೇಳಿಯೇ ಅವನು ತಲೆ ಎತ್ತಿದ್ದು.

ಸೆಂಟರ್ ಐವತ್ತು ತುಂಬುವ ಮೊದಲೇ ಹೃದಯ ನಿಂತು ಹೋದ. ಅವನ ಹೆಂಡತಿ ಜಂಗಮಕೋಟೆಯಲ್ಲಿದ್ದಾಳೆ, ಈ ವಯಸ್ಸಿನಲ್ಲೂ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾಳೆ. ಹೋದ ವರ್ಷ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಕಾಫಿಯನ್ನೂ ಮುಟ್ಟಲಿಲ್ಲ.

"ಅಣ್ಣ, ಆ ಚಿಂತಾಮಣಿಯೋರು ಫೋನಲ್ಲಿ ಬಂದವ್ರೆ. ವಿಡಿಯೋ. ಫೈನಲ್ ನಾನೇ ಗೆಲ್ಸಿದ್ದು ಅಂತ ಹೇಳ್ತಾವ್ರೆ. ನನ್ನ ಮೊಮ್ಮಗಳು ಅದನ್ನ ನೋಡ್ಬಿಟ್ಟು, ಏನಜ್ಜಿ ಇಷ್ಟು ವರ್ಷ ತಾತನ ಬಗ್ಗೆ ಸುಳ್ಳು ಹೇಳ್ಕೊಂಡು ಬಂದ್ಯಾ ಅಂದ್ಳು. ಮನೆಯೋರೆಲ್ಲಾ ನಗ್ತಾರಣ್ಣ."

"ನಗಲಿ ಬಿಡಮ್ಮ, ಗೂಬೆಗಳು" ಎಂದೆ.

"ಬಿಡಕ್ಕಾಗಲ್ಲ. ಈಗ ಹೊಸ ಅಂಕಣ ಕಟ್ಟವ್ರಂತೆ, ಆ ಫೈನಲ್ ಗೆಲ್ಸಿದೋರ ಹೆಸ್ರು ಇಡ್ತಾರಂತೆ. ನೋಡಿರೋನು ನೀನೊಬ್ಬನೇ ಉಳ್ದಿರೋದು. ನೀನು ಹೋಗಿ ಹೇಳು."

ಅವಳು ನನ್ನಿಂದ ಕೇಳಿದ್ದು ಇಷ್ಟೇ. ಗಂಡನ ಹೆಸರು ಕಲ್ಲಿನ ಮೇಲೆ ಬಂದರೆ ಮನೆಯಲ್ಲಿ ಅವಳ ಮಾತು ನಿಜವಾಗುತ್ತದೆ.

ಆ ಅಂಕಣ ಕಟ್ಟಿಸಿದ ಚಿಕ್ಕಬಳ್ಳಾಪುರದ ಸಮಿತಿಯ ಮೆಟ್ಟಿಲು ಹತ್ತಬಾರದೆಂದು ಇದ್ದವನು ನಾನು. ಅದರ ಅಧ್ಯಕ್ಷ ಸೈಟು ಮಾರುವವನು, ಜೀವಮಾನದಲ್ಲಿ ಬ್ಯಾಟ್ ಹಿಡಿದವನಲ್ಲ. ಅಂಕಣಕ್ಕೆ ದುಡ್ಡು ಕೊಟ್ಟವರು ಕುಡುಮಲಕುಂಟೆಯ ಯಾವುದೋ ಫ್ಯಾಕ್ಟರಿಯವರು, ಅವರು ಆಟವನ್ನೇ ಕಂಡವರಲ್ಲ. ಆದರೂ ಇಸ್ತ್ರಿ ಮಾಡಿದ ಪಂಚೆ ಉಟ್ಟು ಅವರ ಸನ್ಮಾನ ಸಭೆಗೆ ಹೋದೆ. ಹೋಗಿ ವೇದಿಕೆಯ ಮೇಲೆ ಕೂರುತ್ತಲೇ ಅಧ್ಯಕ್ಷ ಮೊಬೈಲ್ ಹಿಡಿದುಕೊಂಡು ಭಾಷಣ ಶುರುಮಾಡಿದ.

"ಅಮೆರಿಕಾದಲ್ಲಿ ಬೇಸ್‌ಬಾಲ್ ಅಂತ ಒಂದು ಆಟ. ಅಲ್ಲಿ ಹಳೇ ಆಟಗಾರರಲ್ಲಿ ಯಾರು ಜಾಸ್ತಿ ವರ್ಷ ಬದುಕಿದಾರೆ ಅಂತ ಲೆಕ್ಕ ಇಟ್ಟಿರ್ತಾರೆ. ಮೊದಲನೆಯೋರು ಹೋದ್ರೆ ಎರಡನೆಯೋರು ಮೊದಲನೆಯೋರು! ಎಂಥಾ ಸಂಸ್ಕೃತಿ ನೋಡಿ. ನಮ್ಮಲ್ಲೂ ಅಂಥದು ಬರಬೇಕು."

ಎಂಥಾ ಸಂಸ್ಕೃತಿ! ಮುಂದಿನವನು ಯಾವಾಗ ಸಾಯುತ್ತಾನೆ ಎಂದು ಕಾಯುವುದಕ್ಕೆ ಸಂಸ್ಕೃತಿ ಎಂದು ಹೆಸರು. ಅಲ್ಲಿಯ ಮುದುಕರಾದರೂ ಒಂದು ದಿನವಾದರೂ ಆಡಿದವರಿರಬೇಕು. ನಮ್ಮ ಆರನೆಯ ಪುಣ್ಯಾತ್ಮ ಶಾಲು ಹೊದ್ದು, ತಲೆಗೆ ಪೇಟ ಇಟ್ಟುಕೊಂಡು, ಪಕ್ಕದ ಕುರ್ಚಿಯಿಂದ ನನ್ನ ಕಡೆ ಬಗ್ಗಿದ.

"ಏಮಪ್ಪಾ, ಇಂಕಾ ಉನ್ನಾವಾ?" ಎಂದ. ಏನಪ್ಪಾ, ಇನ್ನೂ ಇದ್ದೀಯಾ ಎಂದು.

"ನಿನ್ನ ಕಳಿಸಿಯೇ ಹೋಗಾಣ ಅಂತ ಇದ್ದೀನಿ" ಎಂದೆ.

ಮೈಕು ನನ್ನ ಕೈಗೆ ಬಂದಾಗ ಸುತ್ತಿ ಬಳಸಿ ಮಾತಾಡಲಿಲ್ಲ. ಫೈನಲ್ ಗೆಲ್ಲಿಸಿದವನು ನಮ್ಮ ಸೆಂಟರ್, ಇವನು ಮರದ ಕೆಳಗಿದ್ದ ಎಂದೆ. ಸಭೆಯಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷನಿಗೆ ಬೆವರು.

"ಸಾರ್, ನೀವೊಂದು ಹೇಳ್ತೀರಿ, ಅವರೊಂದು ಹೇಳ್ತಾರೆ. ನಾವು ಹುಟ್ಟೇ ಇರ್ಲಿಲ್ಲ. ಇಬ್ಬರಲ್ಲಿ ಅವರು ಹಿರಿಯರು. ಹಿರಿಯರ ಮಾತೇ ಕೊನೇ ಮಾತು ಅಂತ ಇಟ್ಕೊಳ್ಳೋಣ."

ನನಗೆ ಮೈಯೆಲ್ಲ ಉರಿದುಹೋಯಿತು. ಹಿರಿಯನಂತೆ! ನಾವಿಬ್ಬರೂ ಒಂದೇ ಊರಿನ ಸ್ಕೂಲಿನಲ್ಲಿ ಅಕ್ಷರ ಕಲಿತವರು, ಅವನು ಚಿಂತಾಮಣಿಗೆ ಹೋದದ್ದು ಮದುವೆಯಾದ ಮೇಲೆ. ನಮ್ಮ ಕಾಲದಲ್ಲಿ ಹುಟ್ಟಿದ ತಾರೀಖು ಯಾರಿಗೆ ಗೊತ್ತಿತ್ತು? ಸೇರಿಸಲು ಕರೆತಂದ ಮಗುವಿಗೆ ಮೇಷ್ಟ್ರು, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ಸ್ಕೂಲಿಗೆ ಬರುವ ವಯಸ್ಸಾಗಿದೆ ಎಂದು ಅರ್ಥ. ನಾನು ಮುಟ್ಟಿದ ದಿನ ಇವನಿಗೆ ಮುಟ್ಟಲಾಗದೆ, ಅಳುತ್ತಾ ಅಮ್ಮನ ಸೆರಗು ಹಿಡಿದು ಮನೆಗೆ ಹೋಗಿದ್ದ. ಅದನ್ನು ಅಲ್ಲೇ, ಮೈಕಿನಲ್ಲೇ ಹೇಳಿದೆ.

"ನನ್ನ ಕೈ ಗಿಡ್ಡ ಇತ್ತು ಕಣೋ!" ಎಂದು ಅವನು ಕೂತಲ್ಲಿಂದಲೇ ಕಿರುಚಿದ. "ವಯಸ್ಸಾಗಿತ್ತು, ಕೈ ಗಿಡ್ಡ ಇತ್ತು ಅಷ್ಟೇ!"

ಸಭೆ ಬಿದ್ದು ಬಿದ್ದು ನಕ್ಕಿತು. ಬುದ್ಧಿಯಿದ್ದವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಅಧ್ಯಕ್ಷನಿಗೆ ಬುದ್ಧಿಗಿಂತ ಕ್ಯಾಮೆರಾ ಮುಖ್ಯ. "ಹಂಗಾದ್ರೆ ಈಗ್ಲೇ ಆಗ್ಲಿ ಸಾರ್, ಇಬ್ರೂ ಕಿವಿ ಮುಟ್ಟಿ!" ಎಂದ. ಹಿಂದಿನ ಸಾಲಿನವರು ಶಿಳ್ಳೆ ಹೊಡೆದರು. ಮುಟ್ಟದಿದ್ದರೆ ಸೆಂಟರ್‌ನ ಹೆಸರು ಅಲ್ಲಿಗೇ ಹೋಗುತ್ತಿತ್ತು. ಹಾಗಾಗಿ ತೊಂಬತ್ತರ ಹತ್ತಿರದ ಇಬ್ಬರು ಮುದುಕರು ವೇದಿಕೆಯ ಮೇಲೆ ನಿಂತು, ಒಂದನೇ ಕ್ಲಾಸಿಗೆ ಸೇರಲು ಬಂದ ಮಕ್ಕಳ ಹಾಗೆ ತಲೆಯ ಮೇಲೆ ಕೈ ಹಾಕಿದೆವು. ಅವನ ಭುಜ ಮೇಲೇಳಲಿಲ್ಲ. ಪೇಟ ಜಾರಿ ನೆಲಕ್ಕೆ ಬಿತ್ತು. ನನ್ನ ಬೆರಳು ಕಿವಿಗೆ ತಾಗಿತು.

ಚಪ್ಪಾಳೆಯೋ ಚಪ್ಪಾಳೆ. ಈ ವಯಸ್ಸಿನಲ್ಲಿ ಯಾರ ಭುಜ ಏಳುತ್ತದೆ, ಯಾರದು ಏಳುವುದಿಲ್ಲ ಎಂಬುದಕ್ಕೂ ಹುಟ್ಟಿದ್ದು ಯಾವಾಗ ಎಂಬುದಕ್ಕೂ ಏನು ಸಂಬಂಧ? ಯಾರೂ ಕೇಳಲಿಲ್ಲ. ಅವನ ಶಾಲನ್ನೇ ತೆಗೆದು ನನಗೆ ಹೊದಿಸಿದರು, ಇನ್ನೂ ಬೆಚ್ಚಗಿತ್ತು. "ಇವತ್ತಿಂದ ಇವರೇ ಹಿರಿಯರು, ಇವರ ಮಾತೇ ಕೊನೇ ಮಾತು!" ಎಂದು ಅಧ್ಯಕ್ಷ ಘೋಷಿಸಿದ. ಸೆಂಟರ್‌ನ ಹೆಸರನ್ನು, ಅವನ ತಂದೆಯ ಹೆಸರನ್ನು, ಊರನ್ನು ಬಿಡಿಬಿಡಿಯಾಗಿ ಎರಡೆರಡು ಸಲ ಹೇಳಿದೆ. ಅಧ್ಯಕ್ಷ ತಲೆಯಾಡಿಸಿದ. ಆ ಸಂಜೆಯೇ ಜಂಗಮಕೋಟೆಗೆ ಫೋನ್ ಮಾಡಿ, ಕೆಲಸ ಆಯಿತಮ್ಮ, ಮೊಮ್ಮಗಳನ್ನು ಕರೆದುಕೊಂಡು ಬಾ ಎಂದೆ. ಫೋನಿನಲ್ಲೇ ಅತ್ತುಬಿಟ್ಟಳು.

ಒಂದು ತಿಂಗಳಿಗೆ ಅಂಕಣದ ಉದ್ಘಾಟನೆ ಇಟ್ಟರು. ಶಾಸಕರು ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಕಲ್ಲಿನ ಮೇಲಿನ ಬಟ್ಟೆ ಎಳೆದರು. ನುಣ್ಣನೆಯ ಗ್ರಾನೈಟ್, ಬಂಗಾರದ ಬಣ್ಣದ ಅಕ್ಷರ. ಅಲ್ಲಿ ಇದ್ದದ್ದು ನನ್ನ ಹೆಸರು. ಅದರ ಕೆಳಗೆ, ನಮ್ಮ ನಡುವೆ ಬದುಕಿರುವ ಅತಿ ಹಿರಿಯ ಆಟಗಾರ ಎಂದು.

ಅಧ್ಯಕ್ಷನ ರಟ್ಟೆ ಹಿಡಿದು ಎಳೆದೆ. "ಏನಯ್ಯಾ ಇದು? ನಾನು ಹೇಳಿದ್ದೇನು?"

"ಸಾರ್, ಸತ್ತೋರ ಹೆಸ್ರು ಇಟ್ರೆ ನಾಳೆ ಸತ್ತೋರ ಮಕ್ಕಳೆಲ್ಲಾ ಬಂದು ನಮ್ಮಪ್ಪಂದೂ ಇಡಿ ಅಂತಾರೆ. ನೀವು ಹಿರಿಯರು, ಯಾರೂ ತಕರಾರು ಎತ್ತಲ್ಲ. ವರ್ಷ ವರ್ಷ ಕರೆಸಿ ಸನ್ಮಾನನೂ ಮಾಡ್ಬೋದು."

"ಕಿತ್ತು ಬಿಸಾಕ್ರೋ ಈ ಕಲ್ಲ!" ಎಂದು ಮೈಕಿಗೆ ಬಾಯಿಟ್ಟು ಕೂಗಿದೆ. ನನಗೆ ಸಲ್ಲಬೇಕಾದದ್ದಲ್ಲ ಇದು, ಅವನಿಗೆ ಎಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ದೊಡ್ಡೋರ ದೊಡ್ಡತನ ನೋಡಿ" ಎಂದು ಶಾಸಕರು ನನ್ನ ಬೆನ್ನು ಸವರಿದರು. ಬೈದರೂ ವಿನಯ ಎನ್ನುವ ದಡ್ಡರ ಮುಂದೆ ಬಾಯಿಗೆ ಏನು ಬೆಲೆ? ಅಷ್ಟರಲ್ಲಿ ಮೈಕು ಕಿತ್ತುಕೊಂಡು ಯಾರೋ ಹಾಡು ಹಾಕಿದರು.

ಹೆಂಗಸರ ಕುರ್ಚಿಗಳ ಕಡೆಯಿಂದ ಸೆಂಟರ್‌ನ ಹೆಂಡತಿ ಬಂದಳು. ಚಪ್ಪಾಳೆಯೆಲ್ಲ ಗಂಡನಿಗೇ ಬಿದ್ದದ್ದು ಎಂದುಕೊಂಡಿದ್ದಳು. ರೇಷ್ಮೆ ಸೀರೆ, ಮುಡಿಯಲ್ಲಿ ಹೂವಿಲ್ಲದಿದ್ದರೂ ಮುಖದ ತುಂಬ ಮದುವೆ ಮನೆಯ ಕಳೆ. ಕಾಲೇಜು ಓದುವ ಮೊಮ್ಮಗಳ ಕೈಯನ್ನು ಬಿಗಿಯಾಗಿ ಹಿಡಿದು ಎಳೆದುಕೊಂಡು ಬಂದು ಕಲ್ಲಿನ ಮುಂದೆ ನಿಲ್ಲಿಸಿದಳು. ಅಜ್ಜಿಗೆ ಓದಲು ಬರುವುದಿಲ್ಲ.

"ಓದೇ ಈಗ. ಗಟ್ಟಿಯಾಗಿ ಓದು. ಎಲ್ರಿಗೂ ಕೇಳ್ಲಿ."

ಹುಡುಗಿ ಓದಿದಳು. ಓದಿ, ನನ್ನ ಮುಖ ನೋಡಿ, "ಅಜ್ಜಿ, ಇದು ಈ ತಾತನ ಹೆಸ್ರು" ಎಂದಳು.

ಅಜ್ಜಿ ಆ ಅಕ್ಷರಗಳ ಮೇಲೆ ಒಮ್ಮೆ ಕೈಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಗೆಲ್ಲಬೇಕಾದ್ರೆ ಅವ್ರು ಬದುಕಿರ್ಬೇಕಿತ್ತು, ಅಲ್ವಾ ಅಣ್ಣ?"

"ಅವನು ಆವತ್ತೇ ಗೆದ್ದಾಗಿತ್ತಮ್ಮ. ಅವನೇ ಗೆದ್ದದ್ದು. ನಾನು ಕಣ್ಣಾರೆ ನೋಡಿದೀನಿ" ಎಂದೆ, ಮೊಮ್ಮಗಳಿಗೂ ಕೇಳುವ ಹಾಗೆ.

ಆ ಹುಡುಗಿ ನನ್ನನ್ನೂ ನಂಬಲಿಲ್ಲ.