ಕೂಡ್ರಿ ಎನ್ನುವ ಯಂತ್ರ

ನನ್ನ ಮೇಜಿನ ಡ್ರಾಯರಿನಲ್ಲಿ ಹಳೆಯ ಸೀರೆಯ ತುಂಡಿನಿಂದ ಹೊಲಿದ ಒಂದು ಚೀಲವಿದೆ. ಅದರ ದಾರ ಬಿಚ್ಚಿದರೆ ಸೀನು ಬರುತ್ತದೆ. ನೀವು ಬಂದು ಬಿಚ್ಚಿದರೂ ಬರುತ್ತದೆ, ಬೇಕಾದರೆ ಪರೀಕ್ಷಿಸಿ ನೋಡಿ. ಬ್ಯಾಡಗಿಯಲ್ಲಿ ಹತ್ತು ವರ್ಷ ಬಾಳಿದ ಯಾವ ವಸ್ತುವೂ ಮೆಣಸಿನಕಾಯಿಯ ಋಣವನ್ನು ಸುಲಭವಾಗಿ ಹರಿದುಕೊಳ್ಳುವುದಿಲ್ಲ. ಒಂಟಿ ಸೀನು ಬಂತೆಂದರೆ ನಮ್ಮ ಕಡೆ ಹೊರಟವರು ನಿಲ್ಲುತ್ತಾರೆ. ಒಂದು ಗಳಿಗೆ ಕೂತು, ಗುಟುಕು ನೀರು ಕುಡಿದು ಆಮೇಲೆ ಹೋಗುತ್ತಾರೆ. ನಾನು ಗಣಿತ ಓದಿದವಳು, ಇಂಥದ್ದನ್ನೆಲ್ಲ ನಂಬುವವಳಲ್ಲ. ಖರೇ ಹೇಳಬೇಕೆಂದರೆ, ಕೂಡುವಷ್ಟು ತಾಳ್ಮೆಯೇ ನನಗೆ ಹುಟ್ಟಿನಿಂದ ಬಂದಿಲ್ಲ.

ಆ ಚೀಲದೊಳಗಿರುವುದು ಗ್ರಾಫ್ ಬಿಡಿಸುವ ಒಂದು ಹಳೆಯ ಕ್ಯಾಲ್ಕ್ಯುಲೇಟರು. ಅದರ ಒಡೆಯರು ಇಮಾಮಸಾಬ ಸರ್. ನಾನು ಗಣಿತ ಕಲಿಸುವ ಹಾವೇರಿಯ ಕಾಲೇಜಿನಲ್ಲಿ ಹೊಲ ಅಳೆಯುವ ಮೋಜಣಿ ವಿದ್ಯೆ ಕಲಿಸುತ್ತಿದ್ದವರು, ನಿವೃತ್ತರಾಗಿ ಬ್ಯಾಡಗಿಯ ತಮ್ಮ ಮನೆ ಸೇರಿದ್ದರು. ಕಾಲುವೆಯ ಕೆಲಸಕ್ಕೆ ಬಂದಿದ್ದ ಪರದೇಶದ ಇಂಜಿನಿಯರೊಬ್ಬ ಹೋಗುವಾಗ ಕೊಟ್ಟುಹೋದ ಆ ಯಂತ್ರದಲ್ಲಿ ಅವರು ‘ಹೊಲ’ ಎಂಬ ಹೆಸರಿನ ಒಂದು ಪ್ರೋಗ್ರಾಂ ಬರೆದಿಟ್ಟಿದ್ದರು. ಬದುಗಳ ಅಳತೆ ತುಂಬಿದರೆ ಅದು ಪರದೆಯ ಮೇಲೆ ಹೊಲದ ಆಕಾರವನ್ನೇ ಬಿಡಿಸಿ, ಎಕರೆ ಗುಂಟೆ ಹೇಳಿ, ಎಲ್ಲಿ ಗೆರೆ ಎಳೆದರೆ ಎರಡು ಸಮಪಾಲಾಗುತ್ತದೆಂದು ತೋರಿಸುತ್ತಿತ್ತು. ನಡುವೆ ಬಹಳ ಹೊತ್ತು ‘ಕೂಡ್ರಿ’ ಎಂಬ ಒಂದೇ ಮಾತು ಇಂಗ್ಲಿಷ್ ಅಕ್ಷರಗಳಲ್ಲಿ ನಿಂತಿರುತ್ತಿತ್ತು. ಲೆಕ್ಕದ ಯಂತ್ರ ಕೂಡ್ರಿ ಎಂದರೆ ಮತ್ತೇನು, ಪಾಪ, ಹಳೆಯದು, ನಿಧಾನವಾಗಿ ಕೂಡಿಸುತ್ತಿದೆ ಎಂದೇ ನಾನು ತಿಳಿದಿದ್ದೆ. ಪಾಲಾಗಬೇಕಾದ ಅಣ್ಣತಮ್ಮಂದಿರು ಸುತ್ತಲ ಊರುಗಳಿಂದ ಅಳತೆಯ ಚೀಟಿ ಹಿಡಿದು ಅವರ ಕಟ್ಟೆಗೆ ಬರುತ್ತಿದ್ದರು.

ಆ ಯಂತ್ರದ ಪರದೆ ಗೆರೆಗೆರೆಯಾಗಿ ಸಾಯತೊಡಗಿತು. ಪ್ರೋಗ್ರಾಂ ಬರೆದಿಟ್ಟ ವಹಿಯನ್ನು ಎಂದೋ ಗೆದ್ದಲು ತಿಂದಿತ್ತು; ಪರದೆ ಪೂರ್ತಿ ಹೋದರೆ ‘ಹೊಲ’ವೂ ಹೋದಂತೆಯೇ. ಆಗಷ್ಟೇ ನಾನು ಅದೇ ಜಾತಿಯ ಹೊಸದೊಂದನ್ನು ಕೊಂಡಿದ್ದೆ. ರಾಣೆಬೆನ್ನೂರಿನ ರೇಡಿಯೊ ರಿಪೇರಿಯವನೊಬ್ಬ ಗೇಣುದ್ದದ ವೈರಿನ ಎರಡೂ ತುದಿಗೆ ಸಣ್ಣ ಪಿನ್ನು ಬೆಸೆದುಕೊಟ್ಟ. ಒಂದು ಭಾನುವಾರ ಅದನ್ನು ಹಿಡಿದು ಬ್ಯಾಡಗಿಗೆ ಹೋಗಿ, ಎರಡನ್ನೂ ಜೋಡಿಸಿ, ಹಳೆಯದರ ‘ಕಳಿಸು’ ಒತ್ತಿದೆ. ತಪ್ಪಾಯಿತೆಂದಿತು. ಮತ್ತೆ ಒತ್ತಿದೆ, ಮತ್ತೆ ತಪ್ಪು. ಸರ್ ನಕ್ಕರು, ನಮ್ಮ ಕಡೆ ಟೀಚರಮ್ಮನನ್ನು ಕರೆಯುವ ಹಾಗೆ ಕರೆದು ಹೇಳಿದರು.

“ಬಾಯಾರ, ತಗೊಳ್ಳಾವರು ಮೊದಲ ಉಡಿ ಒಡ್ಡಬೇಕ್ರಿ. ಉಡೀನ ಇಲ್ಲದ ಏನ್ ತುಂಬೂದು?”

ಹೊಸದು ಮೊದಲು ‘ಕಾಯುತ್ತಿದ್ದೇನೆ’ ಎನ್ನಬೇಕು, ಆಮೇಲೆಯೇ ಹಳೆಯದು ಕೊಡುತ್ತದೆ. ಇದು ಆ ಯಂತ್ರಗಳ ಕಟ್ಟಳೆ. ಹಾಗೆ ಮಾಡಿದೆ, ಬಂತು. ಮನೆಗೆ ಬಂದು ಪ್ರೋಗ್ರಾಮನ್ನು ಬಿಚ್ಚಿ ಓದಿದರೆ, ನಡುವೆ ಒಂದು ಸಾಲು ಒಂದರಿಂದ ಸಾವಿರದವರೆಗೆ ಸುಮ್ಮನೆ ಎಣಿಸುತ್ತಿತ್ತು. ಏನನ್ನೂ ಕೂಡುವುದಿಲ್ಲ, ಕಳೆಯುವುದಿಲ್ಲ, ಬರೀ ಎಣಿಕೆ. ಸರ್‌ಗೆ ವಯಸ್ಸಾಯಿತು ಎಂದುಕೊಂಡು ಕಸ ಗುಡಿಸಿದಷ್ಟೇ ಸಲೀಸಾಗಿ ಆ ಸಾಲನ್ನು ಅಳಿಸಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಆತುರಗಾರ್ತಿಗೆ ಅಷ್ಟೂ ಇರಲಿಲ್ಲ.

ಮುಂದಿನ ಭಾನುವಾರ ನನ್ನ ಯಂತ್ರ ಹಿಡಿದು ನಾನು ಸರ್ ಮನೆಯಲ್ಲಿದ್ದಾಗ ಕುಪ್ಪೇಲೂರಿನಿಂದ ಬಸಪ್ಪ, ಫಕ್ಕೀರಪ್ಪ ಎಂಬ ಅಣ್ಣತಮ್ಮಂದಿರು ಬಂದರು. ಹಳ್ಳದ ಕಡೆ ಸೊಟ್ಟಗಿದ್ದ ಹೊಲ, ನಡುವೆ ಒಂದು ಬಾವಿ. ಇವತ್ತು ಒಪ್ಪಿಗೆಯಾಗದಿದ್ದರೆ ನಾಳೆ ಕೋರ್ಟು ಎಂದು ಇಬ್ಬರೂ ಬಾಗಿಲಲ್ಲೇ ಹೇಳಿದರು. ಸರ್ ಚಹಾ ಹೇಳಿ, ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನು ಅಳತೆ ತುಂಬಿ ಗುಂಡಿ ಒತ್ತಿದೆ. ಕೈ ತೆಗೆಯುವುದರೊಳಗೆ ಉತ್ತರ ಬಂತು. ನನಗೋ ಹೆಮ್ಮೆಯೋ ಹೆಮ್ಮೆ.

“ಇಷ್ಟು ಲಗೂ?” ಎಂದ ತಮ್ಮ ಫಕ್ಕೀರಪ್ಪ. “ಮೊದಲ ತುಂಬಿಸಿ ಇಟ್ಕೊಂಡಿದ್ರೇನ್ರಿ? ಅಣ್ಣ ನಿನ್ನೇನ ಬಂದು ಹೋಗ್ಯಾನ ಅನಸ್ತೈತಿ. ಕೋರ್ಟಿನ್ಯಾಗ ನೋಡ್ಕೋತೀನಿ ಬಿಡ್ರಿ.”

ಎದ್ದು ಚಪ್ಪಲಿಗೆ ಕಾಲು ತೂರಿಸಿದ. ಸರ್ ಗೂಡಿನಲ್ಲಿದ್ದ ಹಳೆಯ ಯಂತ್ರದ ಚೀಲ ಇಳಿಸಿ ದಾರ ಬಿಚ್ಚಿದರು. ಬಸಪ್ಪ ಸೀನಿದ. ಒಂದೇ ಸೀನು. ಫಕ್ಕೀರಪ್ಪ ಒಂದು ಕಾಲು ಚಪ್ಪಲಿಯಲ್ಲಿಟ್ಟುಕೊಂಡು ನಿಂತ, ಅಣ್ಣನನ್ನು ದುರುಗುಟ್ಟಿ ನೋಡಿದ, ಗೊಣಗುತ್ತ ಕಟ್ಟೆಯ ತುದಿಗೆ ಕೂತ.

“ನಡುವಿನ ಸಾಲು ಏನ್ ಮಾಡಿದ್ರಿ ಬಾಯಾರ?” ಸರ್ ಮೆಲ್ಲಗೆ ಕೇಳಿದರು.

“ಅಳಿಸಿದ್ನಿ ಸರ್. ಅದು ಸುಮ್ನ ಎಣಸ್ತಿತ್ತು.”

“ಸುಮ್ನ ಎಣಿಸಲಿ ಅಂತನ ಬರದಿದ್ನಿರಿ. ಕೂಡ್ರಿ ಅಂದ್ರ ಲೆಕ್ಕ ಕೂಡ್ರಿ ಅಂತ ಅಲ್ರಿ, ಬಂದಾವರು ಕಟ್ಟಿ ಮ್ಯಾಲ ಕೂಡ್ರಿ ಅಂತ. ಸಿಟ್ಟಿಲೆ ಬಂದಾವರಿಗೆ ಬಂದ ಬರೋದ್ರಾಗ ಉತ್ತರಾ ಕೊಟ್ರ, ಅದು ಖರೇ ಇದ್ರೂ ಒಪ್ಪೂದಿಲ್ರಿ.”

ನನಗೆ ನಾಚಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಇಷ್ಟು ವರ್ಷ ನಾನು ಮಂದಬುದ್ಧಿ ಎಂದು ಮರುಗಿದ ಯಂತ್ರ ಒಬ್ಬ ಮನುಷ್ಯನ ಉಪಚಾರದ ಮಾತನ್ನು ಪಾಲಿಸುತ್ತಿತ್ತು.

ವೈರು ಮತ್ತೆ ಜೋಡಿಸಿದೆವು. ಈ ಸಲ ಮೊದಲು ನಾನು ಉಡಿ ಒಡ್ಡಿದೆ. ಹಳೆಯ ಪರದೆಯ ಮೇಲೆ ಓದಲು ಒಂದಕ್ಷರವೂ ಉಳಿದಿರಲಿಲ್ಲ. ಸರ್ ಬೆರಳಿನ ನೆನಪಿನಿಂದಲೇ ಗುಂಡಿ ಒತ್ತಿದರು. ಒಂದೆರಡು ಸಲ ತಪ್ಪಿದರು. ಕಡೆಗೆ ನನ್ನ ಯಂತ್ರ ಕೇಳಿತು: ಇದೇ ಹೆಸರಿನದು ಇಲ್ಲಿದೆ, ಅದರ ಮೇಲೆ ಬರೆಯಲೇ? ಬರೆ ಎಂದೆ. ನನ್ನ ಜಾಣತನದ ಮೇಲೆ ಅವರ ಸಾವಧಾನ ಬಂದು ಕೂತಿತು.

“ಹೊಸದು ಭಾಳ ಓಡತೈತಿ,” ಎಂದರು ಸರ್. “ಆ ಸಾವಿರಕ್ಕ ಇನ್ನೊಂದು ಸೊನ್ನಿ ಹಾಕ್ರಿ.”

ಸೊನ್ನೆ ಎಂದರೆ ಏನೂ ಇಲ್ಲವೆಂದು ಕಲಿಸುತ್ತ ಬಂದವಳು ನಾನು. ಹಾಕಿದೆ. ಅಳತೆಯನ್ನು ಈ ಸಲ ಫಕ್ಕೀರಪ್ಪನ ಕೈಯಿಂದಲೇ ತುಂಬಿಸಿದರು. ಪರದೆಯ ಮೇಲೆ ಮಾತು ಮೂಡಿತು. ಅವನಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ, ಸರ್ ಓದಿ ಹೇಳಿದರು, “ಕೂಡ್ರಿ ಅಂತೈತ್ರಿ.”

ಇಬ್ಬರೂ ಕೂತರು. ಚಹಾ ಬಂತು. ಯಂತ್ರ ಒಳಗೊಳಗೇ ಏನನ್ನೂ ಮಾಡದೆ ಎಣಿಸುತ್ತಿತ್ತು, ಹೊರಗೆ ಇಬ್ಬರೂ ಚಹಾ ಬಸಿಗೆ ಸುರುವಿಕೊಂಡು ಕುಡಿಯುತ್ತಿದ್ದರು. ಅರ್ಧ ಚಹಾ ಮುಗಿದಾಗ ಬಸಪ್ಪ ನೆಲ ನೋಡುತ್ತಲೇ ಹೇಳಿದ, “ತಮ್ಮಾ, ಗೆರಿ ಎಲ್ಲ್ಯರೆ ಬರಲಿ. ಬಾವಿ ಇಬ್ಬರದೂ ಇರ್ಲಿ.”

ಫಕ್ಕೀರಪ್ಪ ಬಹಳ ಹೊತ್ತು ಬಸಿಯ ಚಹಾ ಊದಿದ. “ಇರ್ಲಿ ಬಿಡಣ್ಣಾ,” ಎಂದ.

ಆಮೇಲೆ ಉತ್ತರ ಬಂತು. ಮೊದಲು ಬಂದದ್ದೇ, ಒಂದು ಗುಂಟೆಯೂ ಆಚೀಚೆಯಾಗದೆ. ಅದನ್ನು ನೋಡಿದವಳು ನಾನೊಬ್ಬಳೇ; ಅವರಿಬ್ಬರೂ ಬಾವಿಯ ಹಗ್ಗ ಜೀರ್ಣವಾದದ್ದರ ಮಾತಿಗೆ ಬಿದ್ದಿದ್ದರು. ಕೂಡು ಎಂಬ ಧಾತುವಿಗೆ ನಾನು ಕಲಿಸದ ಅರ್ಥ ಇನ್ನೂ ಒಂದಿತ್ತು.

ಆ ಸಂಜೆ ಸರ್ ಹಳೆಯ ಯಂತ್ರವನ್ನು ಚೀಲದ ಸಮೇತ ನನಗೇ ಕೊಟ್ಟರು. ಅದು ಈಗ ಉರಿಯುವುದಿಲ್ಲ, ಮಾತಾಡುವುದಿಲ್ಲ. ಆದರೂ ಕೆಲವೊಮ್ಮೆ ದಾರ ಬಿಚ್ಚುತ್ತೇನೆ. ಇವತ್ತು ಬೆಳಿಗ್ಗೆಯೂ ಬಿಚ್ಚಿದೆ. ಒಂದೇ ಸೀನು ಬಂತು. ಬಸ್ಸಿಗೆ ಹೊತ್ತಾಗಿತ್ತು. ಕೂತೆ.