ಯಾರೂ ನೋಡದ ಕೋಣೆಯ ಸಮವಸ್ತ್ರ

ಆ ವೇಲಿಗೆ ಪಿನ್ನು ಚುಚ್ಚಿದವಳು ನಾನು. ಎಲ್ಲಿಂದ ಶುರು ಮಾಡಿದರೂ ಕೊನೆಗೆ ಈ ಮಾತಿಗೇ ಬರುತ್ತೇನಾದ್ದರಿಂದ ಮೊದಲೇ ಹೇಳಿಬಿಡುತ್ತಿದ್ದೇನೆ.

ಬಾಳಗಡಿಯ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ ನರಸಿಂಹರಾಜಪುರದ ಒಂದು ಮಸಾಲೆ ಪುಡಿ ಘಟಕದಲ್ಲಿ ಕೆಲಸಕ್ಕೆ ಸೇರಿದ್ದೆ. ಘಟಕದಲ್ಲಿ ಮೊಬೈಲ್ ಫೋನು ಮಾಲೀಕರ ಕೈಯಲ್ಲಿ ಮಾತ್ರ ಇದ್ದ ವರ್ಷಗಳು ಅವು. ಯಾವ ದಿನ ಯಾವ ಪುಡಿ ಆಯಿತು, ಮಿಷನ್ ಎಷ್ಟು ಹೊತ್ತು ಓಡಿತು, ಏನಾದರೂ ಕೆಟ್ಟಿತೇ ಎಂದು ದಿನಚರಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಮುಂದುಗಡೆ ಅಂಗಡಿ, ಹಿಂದುಗಡೆ ಪುಡಿ ಮಾಡುವ ಕೋಣೆ. ಗಿರಾಕಿಗಳು ಅಂಗಡಿ ದಾಟಿ ಒಳಗೆ ಬರುತ್ತಿರಲಿಲ್ಲ. ಬಂದರೂ ಮೆಣಸಿನ ಘಾಟಿಗೆ ಎರಡು ನಿಮಿಷ ನಿಲ್ಲಲಾಗುತ್ತಿರಲಿಲ್ಲ.

ಆ ಕೋಣೆಯ ಹೆಂಗಸರು ಮೊದಲೆಲ್ಲ ತೋಟದ ಕೆಲಸಕ್ಕೆ ಹೋಗುವವರಂತೆ ಸೀರೆಯ ಮೇಲೆ ಗಂಡನದೋ ಅಣ್ಣನದೋ ತುಂಬುತೋಳಿನ ಹಳೆಯ ಅಂಗಿ ತೊಟ್ಟು ಗುಂಡಿ ಹಾಕಿಕೊಂಡು ಬರುತ್ತಿದ್ದರು. ಒಂದು ದಿನ ಮಾಲೀಕರು ಮಂಗಳೂರಿನ ಕಡೆ ಯಾವುದೋ ಫ್ಯಾಕ್ಟರಿ ನೋಡಿ ಬಂದರು. ಮಾರನೆಯ ದಿನವೇ ಎಲ್ಲರನ್ನೂ ನಿಲ್ಲಿಸಿ ಹೇಳಿದರು.

"ಇದು ಕಂಪನಿ ಕಣ್ರಮ್ಮ, ತೋಟ ಅಲ್ಲ. ಗಂಡನ ಅಂಗಿ ಹಾಕ್ಕೊಂಡು ಬರೋದೆಲ್ಲ ಇನ್ನು ಬೇಡ. ನೀಲಿ ಚೂಡಿದಾರ, ಬಿಳಿ ವೇಲು. ವೇಲಿಗೆ ಎರಡೂ ಹೆಗಲಿಗೆ ಪಿನ್ನು. ನೀಟಾಗಿರ್ಬೇಕು."

ಚೀಲ ಬಿಚ್ಚುವ ಕೆಲಸದ ಹಿರಿಯ ಹೆಂಗಸೊಬ್ಬರಿದ್ದರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಅವರು ಸುಮ್ಮನಿರುವ ಪೈಕಿ ಅಲ್ಲ.

"ಒಳಗಿರೋ ನಮ್ಮನ್ನ ಯಾರು ನೋಡ್ತಾರೆ ಸರ್? ಮೆಣಸಿನಕಾಯಿ ನಾಚ್ಕೊಳ್ಳುತ್ತಾ?"

"ನಾನು ನೋಡ್ತೀನಲ್ಲ."

"ನೀವು ನೋಡೋದು ಮಿಷನ್ನ. ನಮ್ಮನ್ನ ಯಾವತ್ತು ನೋಡಿದ್ರಿ?"

ಎಲ್ಲರೂ ನಕ್ಕರು, ಮಾಲೀಕರೂ ನಕ್ಕರು. ಆದರೆ ಬಟ್ಟೆ ಬಂದೇ ಬಂತು. ಜನ್ಮದಲ್ಲಿ ಸೀರೆ ಬಿಟ್ಟು ಬೇರೆ ಉಡದ ಅಕ್ಕ ಚೂಡಿದಾರದಲ್ಲಿ ಬಾಗಿಲ ಹತ್ತಿರ ನಿಂತು, "ಈ ವಯಸ್ಸಲ್ಲಿ ನನ್ನನ್ನ ಕಾಲೇಜಿಗೆ ಸೇರ್ಸಿದ್ರಲ್ಲ ಮಾರಾಯ್ರೆ" ಎಂದರು. ಅವರು ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಳ್ಳುತ್ತಿದ್ದರು. ಅದಕ್ಕಾಗಿ ದಿನವೂ ಬೈಸಿಕೊಳ್ಳುತ್ತಿದ್ದರು.

ಮಿಷನ್ ಓಡಿಸುತ್ತಿದ್ದವಳು ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಹುಡುಗಿ, ನನಗಿಂತ ಒಂದೆರಡು ವರ್ಷ ಚಿಕ್ಕವಳು. ಮೊದಲಿದ್ದ ಗಂಡಸು ಕೆಲಸ ಬಿಟ್ಟು ಹೋದಾಗ, ತಾನೇ ಓಡಿಸುತ್ತೇನೆಂದು ಹಟ ಹಿಡಿದು ಕಲಿತವಳು. ಸದ್ದು ಕೇಳಿಯೇ ಜರಡಿ ಕಟ್ಟಿದೆ ಎಂದು ಹೇಳುತ್ತಿದ್ದಳು. ಬೆಳಿಗ್ಗೆ ಕೊಪ್ಪದಲ್ಲಿ ನಾವಿಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು. ಅವಳಿಗೆ ವೇಲು ಹೊದೆಯುವ ರೂಢಿ ಇರಲಿಲ್ಲ, ಜಾರುತ್ತಿತ್ತು. ಕಾಲೇಜಿನಲ್ಲಿ ಕಲಿತಂತೆ ಎದೆಯ ಮೇಲೆ ಮಡಿಕೆ ಕೂರಿಸಿ, ಎರಡೂ ಹೆಗಲಿಗೆ ಪಿನ್ನು ಚುಚ್ಚಿ, ತುದಿಗಳನ್ನು ಬೆನ್ನ ಹಿಂದೆ ಇಳಿಬಿಟ್ಟು ಕೊಡುತ್ತಿದ್ದೆ. "ಈಗ ಥೇಟ್ ಲೆಕ್ಚರರ್ ಹಂಗೆ ಕಾಣ್ತೀಯ" ಎಂದರೆ ಅವಳು, "ಮೆಣಸಿನಕಾಯಿಗೆ ಪಾಠ ಮಾಡ್ತೀನಿ ಬಿಡಿ" ಎನ್ನುತ್ತಿದ್ದಳು.

ಆ ದಿನವೂ ಹಾಗೇ ಚುಚ್ಚಿದ್ದೆ.

ಹನ್ನೊಂದು ಗಂಟೆಯ ಹೊತ್ತು. ಮಿಷನ್ ಓಡುತ್ತಿತ್ತು. ಕೆಳಗೆ ಬಿದ್ದ ಮೊರ ಎತ್ತಿಕೊಳ್ಳಲು ಅವಳು ಪಕ್ಕಕ್ಕೆ ಬಾಗಿದಳು. ಬೆನ್ನ ಹಿಂದಿದ್ದ ವೇಲಿನ ತುದಿ ಮಿಷನ್ನಿನ ಚಕ್ರ ತಿರುಗಿಸುವ ಬೆಲ್ಟಿಗೆ ತಾಗಿತು. ಅಷ್ಟೇ. ಚಕ್ರ ಬಟ್ಟೆಯನ್ನು ಸುತ್ತಿಕೊಳ್ಳುತ್ತಾ ಹೋಯಿತು, ಎದೆಯ ಮೇಲಿದ್ದ ಮಡಿಕೆ ಕುತ್ತಿಗೆಗೆ ಏರಿತು. ಸುಮ್ಮನೆ ಹೊದ್ದ ವೇಲಾಗಿದ್ದರೆ ಜಾರಿಹೋಗುತ್ತಿತ್ತು. ನಾನು ಹಾಕಿದ ಪಿನ್ನುಗಳು ಬಿಡಲಿಲ್ಲ.

ಸ್ವಿಚ್ಚು ನನ್ನಿಂದ ಎರಡು ಮಾರು ದೂರದಲ್ಲಿತ್ತು. "ಬಂದ್ ಮಾಡೇ!" ಎಂದು ಅಕ್ಕ ಕೂಗಿದ್ದು ಕೇಳಿಸಿತು. ನಾನು ಪೆನ್ನು ಹಿಡಿದುಕೊಂಡು ನಿಂತಿದ್ದೆ. ಅಕ್ಕ ಚೀಲ ಬಿಚ್ಚುವ ಕತ್ತಿಯನ್ನು ಅವಳ ಬೆನ್ನ ಹಿಂದೆ ಹಾಕಿ ಒಂದೇ ಎಳೆತಕ್ಕೆ ಬಟ್ಟೆ ಕೊಯ್ದರು. ಇಬ್ಬರೂ ನೆಲಕ್ಕೆ ಬಿದ್ದರು. ರಬ್ಬರು ಸುಟ್ಟ ವಾಸನೆ ಬಂತು. ಆಮೇಲೆ ಸ್ವಿಚ್ಚು ಒತ್ತಿದ್ದು ನಾನೇ. ಎಲ್ಲ ಮುಗಿದ ಮೇಲೆ.

ಈಗಲೂ ಹಿಟ್ಟಿನ ಗಿರಣಿಯ ಮುಂದೆ ಹಾದುಹೋಗುವಾಗ ಆ ಎರಡು ಮಾರು ನಡೆಯುತ್ತೇನೆ. ಮನಸ್ಸಿನಲ್ಲಿ ಪ್ರತಿ ಸಲವೂ ಸರಿಯಾದ ಹೊತ್ತಿಗೆ ತಲುಪುತ್ತೇನೆ.

ಕುತ್ತಿಗೆಯ ಸುತ್ತ ಕೆಂಪು ಬರೆ ಬಿಟ್ಟರೆ ಅವಳಿಗೆ ಬೇರೇನೂ ಆಗಿರಲಿಲ್ಲ. ಡಾಕ್ಟರು ಒಂದು ವಾರ ವಿಶ್ರಾಂತಿ ಹೇಳಿದರು. ಮಧ್ಯಾಹ್ನ ಮಾಲೀಕರು ನನ್ನ ಮೇಜಿನ ಹತ್ತಿರ ಬಂದರು.

"ಪುಸ್ತಕದಲ್ಲಿ ಬರೀ. ವೇಲಿಗೆ ಪಿನ್ನು ಹಾಕಿರ್ಲಿಲ್ಲ, ಅದಕ್ಕೇ ಹಿಂಗಾಯ್ತು ಅಂತ. ಮಿಷನ್ನಿಗೆ ಇನ್ನೊಬ್ಬ ಗಂಡಸನ್ನ ನೋಡ್ತೀನಿ. ಅವಳು ಬೇಕಾದ್ರೆ ಪ್ಯಾಕಿಂಗಿಗೆ ಬರ್ಲಿ."

ಅವರು ಸುಳ್ಳು ಹೇಳಿಸುತ್ತಿದ್ದಾರೆಂದು ನನಗೆ ಅನ್ನಿಸಲಿಲ್ಲ. ಪಿನ್ನು ಹಾಕಿದರೆ ಬಟ್ಟೆ ಭದ್ರ, ಬಟ್ಟೆ ಭದ್ರವಾದರೆ ಹುಡುಗಿ ಭದ್ರ ಎಂದು ಅವರು ನಿಜವಾಗಿಯೂ ನಂಬಿದ್ದರು. ಆ ಬೆಳಿಗ್ಗೆಯವರೆಗೆ ನಾನೂ ನಂಬಿದ್ದೆ. ಆದರೆ ಅವರು ಹೇಳಿದಂತೆ ಬರೆದರೆ, ಹಟ ಹಿಡಿದು ಕಲಿತ ಕೆಲಸ ಅವಳ ಕೈತಪ್ಪುತ್ತಿತ್ತು, ಅದೂ ಅವಳದೇ ತಪ್ಪಿನಿಂದ ಎಂಬ ಹೆಸರಿನೊಡನೆ.

ಒಂದು ಪುಟ ಬರೆದೆ. ಪಿನ್ನು ಎರಡೂ ಹೆಗಲಿಗೆ ಇತ್ತು, ಚುಚ್ಚಿದವಳು ನಾನು. ಪಿನ್ನು ಇದ್ದುದರಿಂದಲೇ ಬಟ್ಟೆ ಬಿಡಲಿಲ್ಲ. ಕೊಯ್ದವರು ಅಕ್ಕ. ಸ್ವಿಚ್ಚಿನ ಹತ್ತಿರ ಇದ್ದವಳು ನಾನು, ಒತ್ತಲಿಲ್ಲ. ಹೀಗೆ ಬರೆದು ಸಹಿ ಮಾಡಿ, ಪುಸ್ತಕವನ್ನು ಅವರ ಮುಂದಿಟ್ಟೆ.

ಅವರು ನಿಂತುಕೊಂಡೇ ಓದಿದರು. ಮತ್ತೊಮ್ಮೆ ಕುಳಿತು ಓದಿದರು.

"ಪಿನ್ನು ಇಲ್ದಿದ್ರೆ ಜಾರಿ ಹೋಗ್ತಿತ್ತಾ?"

"ಹೋಗ್ತಿತ್ತು ಸರ್."

"ನಿನ್ನ ಹೆಸರು ಯಾಕೆ ಹಾಕ್ಕೊಂಡೆ?"

"ಅಲ್ಲಿದ್ದವಳು ನಾನಲ್ವಾ ಸರ್."

ಅವರು ಎದ್ದು ಮಿಷನ್ನಿನ ಹತ್ತಿರ ಹೋಗಿ, ಚಕ್ರಕ್ಕೆ ಸುತ್ತಿಕೊಂಡಿದ್ದ ಬಿಳಿ ಬಟ್ಟೆಯನ್ನು ಒಂದೊಂದೇ ಸುತ್ತು ತಾವೇ ಬಿಡಿಸಿದರು. ತುಂಬ ಹೊತ್ತು ಹಿಡಿಯಿತು. ಆ ವಾರವೆಲ್ಲ ಮಿಷನ್ ಓಡಲಿಲ್ಲ. ಬೇರೆ ಗಂಡಸೂ ಬರಲಿಲ್ಲ.

ಎಂಟನೆಯ ದಿನ ಹುಡುಗಿ ಬಂದಳು. ಸಮವಸ್ತ್ರ ತೊಟ್ಟಿರಲಿಲ್ಲ. ಸೀರೆ, ಅದರ ಮೇಲೆ ಅಪ್ಪನ ಚೌಕುಳಿ ಅಂಗಿ, ಕುತ್ತಿಗೆವರೆಗೆ ಗುಂಡಿ. ಬಾಗಿಲಲ್ಲೇ ನಿಂತಳು.

"ಪ್ಯಾಕಿಂಗಿಗಾ, ಮಿಷನ್ನಿಗಾ ಸರ್? ಪ್ಯಾಕಿಂಗಿಗಾದ್ರೆ ಈಗಲೇ ಬಸ್ಸಿದೆ, ವಾಪಸ್ ಹೋಗ್ತೀನಿ."

ಅಕ್ಕ ಹಿಂದಿನಿಂದ, "ಎಂತ ಕೊಬ್ಬು ನೋಡಿ ಇವಳಿಗೆ" ಎಂದರು, ಖುಷಿಯಿಂದ.

ಮಾಲೀಕರು ತಲೆ ಕೆರೆದುಕೊಂಡರು. "ಮಿಷನ್ನಿಗೇ. ಅಂಗಿನೇ ಹಾಕ್ಕೊಳ್ಳಿ ಎಲ್ರೂ. ನಾನೇ ಹೊಲಿಸಿಕೊಡ್ತೀನಿ, ಒಂದೇ ಬಣ್ಣದ್ದು. ಅಷ್ಟಾದ್ರೂ ಕೇಳಿ."

"ಆಗ್ಲಿ ಸರ್," ಎಂದಳು ಹುಡುಗಿ. ಮಿಷನ್ನಿನ ಹತ್ತಿರ ಹೋಗಿ ಬಾಗಿ, ತೆರೆದೇ ಇದ್ದ ಬೆಲ್ಟನ್ನು ನೋಡಿದಳು. ಮುಟ್ಟಲಿಲ್ಲ. "ನಮಗೆ ಹೊಲಿಸೋ ಮೊದ್ಲು ಇದಕ್ಕೊಂದು ಅಂಗಿ ಹೊಲಿಸಿ. ಇಷ್ಟು ವರ್ಷ ಬರೀ ಮೈಯಲ್ಲಿ ನಿಂತಿದ್ದು ಇದೊಂದೇ. ಇದನ್ನ ಯಾರೂ ಬೈಲಿಲ್ಲ."

ಮೊದಲು ಅಕ್ಕ ನಗಲು ಶುರು ಮಾಡಿದರು. ನಾನೂ ನಕ್ಕೆ. ಆ ವಾರದಲ್ಲಿ ನಾನು ನಕ್ಕಿದ್ದು ಅದೇ ಮೊದಲು. ಮಾಲೀಕರು ನಗಲಿಲ್ಲ. ಜೇಬಿನಿಂದ ಫೋನು ತೆಗೆದು ಸಿಗ್ನಲ್ಲಿಗಾಗಿ ಅಂಗಳಕ್ಕೆ ಹೋದರು. ವೆಲ್ಡಿಂಗ್ ಅಂಗಡಿಯವನಿಗೆ ಅಳತೆ ಪಟ್ಟಿ ತರಲು ಹೇಳುವುದು ನಮಗೆ ಒಳಗಿನವರೆಗೂ ಕೇಳಿಸುತ್ತಿತ್ತು.

"ಕಬ್ಬಿಣದ ಜಾಲರಿ ಮಾರಾಯ, ಬೆಲ್ಟಿನ ಸುತ್ತ ಪೂರ್ತಿ ಬರ್ಬೇಕು. ನಾಳೆ ಅಲ್ಲ, ಇವತ್ತು. ಅಲ್ಲೀವರೆಗೆ ಮಿಷನ್ ಹಾಕಲ್ಲ ಅಂತ ಕೂತಿದ್ದಾಳೆ ನಮ್ಮ ಆಪರೇಟರ್."

ಮಾಲೀಕರ ಬಾಯಿಂದ ಮೊದಲ ಸಲ ಬಂದ ಆ ಕೊನೆಯ ಪದ ಕೇಳಿ ಅವಳು ನನ್ನ ಮುಖ ನೋಡಿದಳು.