ಹೂಗ್ಯಂ ಬಂಡೆಯಿಂದ ಬರುವ ಬೆಳಗಿನ ಸಂದೇಶ

ಯಳಂದೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಹೂಗ್ಯಂ ಹಳ್ಳಿಯಲ್ಲಿರುವ ಮಾದೇವಸ್ವಾಮಿಯನ್ನು ನೋಡಬೇಕಿತ್ತು. ಹನೂರು ಕಡೆಯ ಶಾಲೆಯೊಂದರಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಆತ ಅಲ್ಲಿ ಸಮಾಜ ಪಾಠ ಮಾಡುತ್ತಿದ್ದ. ನಿವೃತ್ತನಾದ ಮೇಲೆ ದಿನಾ ಬೆಳಿಗ್ಗೆ ಆರಕ್ಕೆ ನಮ್ಮ ಮೊಬೈಲ್ ಗುಂಪಿಗೆ ಒಂದು ಪದದ ಅರ್ಥ, ಒಂದು ಇತಿಹಾಸದ ಸಂಗತಿ, ಒಂದು ಸಾಮಾನ್ಯ ಜ್ಞಾನದ ಪ್ರಶ್ನೆ ಕಳಿಸುತ್ತಾನೆ. ಸುತ್ತಲಿನ ಮೇಷ್ಟ್ರುಗಳು ಪ್ರಾರ್ಥನೆಗೆ ಮೊದಲು ಅದನ್ನು ಶಾಲೆಯ ಬೋರ್ಡಿನ ಮೇಲೆ ಬರೆಸುತ್ತಾರೆ.

ಮಳೆ ಬಂದ ಒಂದು ದಿನ ಬಿಟ್ಟರೆ ಸಂದೇಶ ತಪ್ಪದೆ ಬರುತ್ತಿತ್ತು. ಆದರೆ ಕೆಲವು ವಾರಗಳಿಂದ ಯಾರು ಏನು ಕೇಳಿದರೂ ಆತನಿಂದ ಉತ್ತರವಿರಲಿಲ್ಲ. ದೊಡ್ಡಿ ಎಂದರೆ ದನ ಕೂಡುವ ಜಾಗ ಎಂದು ಆತ ಬರೆದಾಗ, ಅಲ್ಲ, ದೊಡ್ಡ ಊರು ಎಂದು ಒಬ್ಬರು ವಾದಿಸಿದರು. ಅಂಥ ಮಾತನ್ನು ಸುಮ್ಮನೆ ಬಿಡುವವನಲ್ಲ ಅವನು. ಬಿಟ್ಟಿದ್ದ. ಕರೆ ಮಾಡಿದರೆ ಸಿಗುತ್ತಿರಲಿಲ್ಲ.

ಬಸ್ಸಿನ ತುಂಬ ಹೆಂಗಸರು. ನಾನು ಟಿಕೆಟ್ ತೆಗೆದುಕೊಂಡು ಕಂಬಿ ಹಿಡಿದು ನಿಂತೆ.

"ದುಡ್ ಕೊಟ್ಟೋರು ನಿಂತವ್ರೆ, ಬಿಟ್ಟಿ ಬಂದೋರು ಕುಂತಿವಿ. ಬೇಜಾರ್ ಮಾಡ್ಕಬ್ಯಾಡಿ ಸಾ" ಎಂದು ಒಬ್ಬಾಕೆ ನಕ್ಕು, ಪಕ್ಕದವಳನ್ನು ಒತ್ತರಿಸಿ ಜಾಗ ಮಾಡಿಕೊಟ್ಟಳು.

ಕೊಳ್ಳೇಗಾಲದಲ್ಲಿ ಇಡ್ಲಿ ತಿಂದು ಹನೂರಿನ ಬಸ್ಸು ಹಿಡಿದೆ. ಹನೂರಿನಲ್ಲಿ ಟೀ ಕುಡಿದು ಖಾಸಗಿ ಬಸ್ಸು ಹತ್ತಿದೆ. ಅಲ್ಲಿಂದಾಚೆ ಬಿಸಿಲು ಚುರುಗುಟ್ಟಿತು. ರಾಗಿ ಹೊಲಗಳ ನಡುವೆ ರಾತ್ರಿ ಕಾವಲಿನ ಅಟ್ಟಣೆಗಳಿದ್ದವು. ಕೆಲವು ಹೊಲಗಳಲ್ಲಿ ಕಾಯುವಂಥದ್ದೇನೂ ಉಳಿದಿರಲಿಲ್ಲ. ಪೈರೆಲ್ಲ ತುಳಿತಕ್ಕೆ ಸಿಕ್ಕಿ ನೆಲಕಚ್ಚಿತ್ತು.

ಮಾದೇವಸ್ವಾಮಿ ಪಡಸಾಲೆಯ ಮಂಚದ ಮೇಲಿದ್ದ. ನನ್ನನ್ನು ಕಂಡು ಏಳಲು ಹೋದ. ಆಗಲಿಲ್ಲ.

"ಆನೆ ಅಟ್ಟುಸ್ಕಂಡ್ ಬತ್ತು ಸಾ. ಬಂಡೆಯಿಂದ ಬಿದ್ದೆ. ಸೊಂಟ ಓಯ್ತು."

ಊರಿನಲ್ಲಿ ಸಿಗ್ನಲ್ ಇಲ್ಲ. ಕಾಡಂಚಿನ ಬಂಡೆ ಹತ್ತಿದರೆ ಮಾತ್ರ ಸಿಗುತ್ತದೆ. ಇರುಳೆಲ್ಲ ರಾಗಿ ಮೇಯ್ದ ಆನೆಗಳು ನಸುಕಿನಲ್ಲಿ ಆ ಬಂಡೆಯ ಪಕ್ಕದಲ್ಲೇ ಕಾಡಿಗೆ ಮರಳುತ್ತವೆ. ಆತ ಬಿದ್ದು ತಿಂಗಳು ದಾಟಿತ್ತು.

"ಹಾಗಾದರೆ ಇಷ್ಟು ದಿನ ಕಳಿಸಿದವರು ಯಾರಪ್ಪ?" ಎಂದೆ. ಆತ ಅಡುಗೆಮನೆಯ ಕಡೆ ನೋಡಿದ. ಅವನ ಹೆಂಡತಿ ಶಿವಮ್ಮ ಮುದ್ದೆಯ ತಟ್ಟೆ ಹಿಡಿದು ಬಂದಳು.

"ನಾನೇ ಕಣ್ರಿ ಸಾ. ಇವ್ರು ರಾತ್ರೀನೇ ಬರ್ದು ಮಡಗಿರ್ತರೆ. ಬಂಡೆ ಮೇಲ್ ಓಗಿ ಒತ್ಬುಟ್ಟು ಬತ್ತೀನಿ."

"ಆ ಕತ್ತಲಲ್ಲೇ?"

"ತಟ್ಟೆ ಬಡ್ಕಂಡ್ ಓಯ್ತೀನಿ. ಆನೆಗೂ ಗೊತ್ತು, ಮೇಷ್ಟ್ರೆಂಡ್ರು ಬಂದ್ಲು ಅಂತ."

ಅವಳು ನಕ್ಕಳು. ಜಗುಲಿಯಲ್ಲಿ ಕೂತಿದ್ದ ಪಕ್ಕದ ಮನೆಯ ಅಜ್ಜಿ ನಗಲಿಲ್ಲ. "ಈ ಮೇಷ್ಟ್ರುಗೆ ಎಂಡ್ರುಗಿಂತ ಮೆಸೇಜೇ ದೊಡ್ದು ಸಾಮಿ. ನೀವಾದ್ರೂ ಬುದ್ಧಿ ಏಳಿ" ಎಂದಳು.

ಉತ್ತರ ಬಾರದ ಕಾರಣವೂ ತಿಳಿಯಿತು. ಮೊದಲು ಮಾದೇವಸ್ವಾಮಿ ಬಿಸಿಲೇರುವವರೆಗೆ ಬಂಡೆಯ ಮೇಲೆ ಕೂತು ಎಲ್ಲರ ಜೊತೆ ವಾದ ಮಾಡುತ್ತಿದ್ದ. ಶಿವಮ್ಮ ಸಂದೇಶ ಹೋದೊಡನೆ ಮೊಬೈಲ್ ಸೆರಗಿಗೆ ಕಟ್ಟಿ ಓಡಿ ಬರುತ್ತಾಳೆ. ಆ ಬಡ ಸಿಗ್ನಲ್ಲಿನಲ್ಲಿ ಗುಂಪಿನ ಮಾತುಗಳು ಬಂದು ಸೇರುವಷ್ಟು ಹೊತ್ತು ಅವಳು ಅಲ್ಲಿ ನಿಲ್ಲುವುದಿಲ್ಲ.

ಊಟ ಮುಗಿಸಿ ಮಾತು ತೆಗೆದೆ. "ಮಧ್ಯಾಹ್ನ ಕಳಿಸು. ಮರುದಿನ ಬೋರ್ಡಿಗೆ ಹಾಕಿಕೊಳ್ಳುತ್ತಾರೆ."

"ನಿನ್ನೇದು ಇವತ್ತಿಗೆ ಬರೆದ್ರೆ ದಿನದ್ದು ಆಯ್ತದಾ ಸಾ? ದಿನದ್ದು ದಿನಕ್ಕೆ, ಬೆಲ್ಲಿಗೆ ಮೊದ್ಲು. ನಿಮ್ಮ ಕೈಕೆಳಗೇ ಕಲ್ತದ್ದು."

"ಅದು ಶಾಲೆಗೆ ಹೇಳಿದ್ದು. ಬಂಡೆಗಲ್ಲ. ಅವಳನ್ನು ಆನೆಯ ಬಾಯಿಗೆ ಕಳಿಸುತ್ತಿದ್ದೀಯಲ್ಲೋ!"

ಆತ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ.

ಮಧ್ಯಾಹ್ನದ ಬಸ್ಸಿಗೆ ಶಿವಮ್ಮ ನನ್ನನ್ನು ಬಿಡಲು ಬಂದಳು. "ನಾಳೆಯಿಂದ ಹೋಗಬೇಡಮ್ಮ. ಮೊಬೈಲು ಕೆಟ್ಟಿತು ಅನ್ನು" ಎಂದೆ.

"ಒಂದಿನ ಮಳೆ ಅಂತ ಓಗ್ನಿಲ್ಲ ಸಾ. ಅವತ್ತು ಇವ್ರು ನೀರೂ ಮುಟ್ನಿಲ್ಲ. ಆನೆ ಬಂದ್ರೂ ಬರ್ಬೋದು, ಬರ್ದೆ ಇದ್ರೂ ಇರ್ಬೋದು. ಇದ್ನ ಕಿತ್ಕಂಡ್ರೆ ಇವ್ರು ಮಾತ್ರ ಉಳ್ಯಕಿಲ್ಲ." ಬಸ್ಸು ಹೊರಟಿತು. "ಉಸಾರಾಗ್ ಓಗಿ ಸಾ" ಎಂದು ಅವಳೇ ನನಗೆ ಹೇಳಿದಳು.

ಕೊಳ್ಳೇಗಾಲದ ನಿಲ್ದಾಣದಲ್ಲಿ ಕೂತು ಗುಂಪಿಗೆ ಎಲ್ಲವನ್ನೂ ತಿಳಿಸಿದೆ. ಮೇಷ್ಟ್ರುಗಳು ಒಬ್ಬರ ಹಿಂದೊಬ್ಬರು ಬರೆದರು: ದಯವಿಟ್ಟು ಹೊತ್ತು ಏರಿದ ಮೇಲೆ ಕಳಿಸಿ, ನಾಳೆಯಾದರೂ ಚಿಂತೆಯಿಲ್ಲ. ದೊಡ್ಡಿಯ ಬಗ್ಗೆ ವಾದ ಹೂಡಿದ್ದವರು ಕ್ಷಮೆ ಕೇಳಿದರು. ಇದಾವುದೂ ಹೂಗ್ಯಂ ಮುಟ್ಟುವುದಿಲ್ಲವೆಂದು ನನಗೆ ಗೊತ್ತಿತ್ತು. ಹಾಗಾಗಿ ಒಂದು ಕಾಗದವನ್ನೂ ಬರೆದು ಅಂಚೆಗೆ ಹಾಕಿದೆ. ಅದು ತಲುಪಲು ಕೆಲವು ದಿನವಾದರೂ ಬೇಕು. ಯಳಂದೂರು ಮುಟ್ಟುವಾಗ ಕತ್ತಲಾಗಿತ್ತು.

ಮರುದಿನ ಸ್ನಾನ ಮುಗಿಸಿ ಮೊಬೈಲ್ ಎದುರಿಗಿಟ್ಟುಕೊಂಡು ಕೂತೆ. ಆರಕ್ಕೆ ಸರಿಯಾಗಿ ಸದ್ದಾಯಿತು. ಪದ: ಮೆಳೆ, ಬಿದಿರಿನ ಒತ್ತಾದ ಪೊದೆ. ಇತಿಹಾಸ: ರಾಜ್ಯಗಳ ಪುನರ್ವಿಂಗಡಣೆಗೆ ಮೊದಲು ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪ್ರಶ್ನೆ: ಚಂದ್ರನಿಲ್ಲದ ಗ್ರಹಗಳು ಯಾವುವು?

ಶಿವಮ್ಮ ಬಂಡೆ ಹತ್ತಿದ್ದಾಳೆ, ಅಷ್ಟು ತಿಳಿಯಿತು. ಇಳಿದಳೋ ಇಲ್ಲವೋ ತಿಳಿಯಬೇಕಾದರೆ ನಾಳೆ ಆರು ಗಂಟೆ ಆಗಬೇಕು.